ಕ್ಯಾಬಿನೆಟ್ ಟೇಬಲ್ ಸಾ ಕೊಳ್ಳುವಾಗ ಏನನ್ನು ನೋಡಬೇಕು? ಈಗಿನ ಯಂತ್ರಗಳ ಗುಣಮಟ್ಟ ನಿಜಕ್ಕೂ ಇಳಿದಿದೆಯೇ?

ತುಂಗಾತೀರದ ಬಡಗಿ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಹೊರಗೆ ನಾನೂ ನನ್ನ ತಮ್ಮನೂ ಸೇರಿ ನಡೆಸುತ್ತಿರುವ ಮರಗೆಲಸದ ಶೆಡ್ಡಿಗೆ ಒಂದು ಕ್ಯಾಬಿನೆಟ್ ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ಗುಂಡು ಬ್ಲೇಡು ಮೇಲೆದ್ದಿರುವ ಭಾರೀ ಗರಗಸ, ತರಬೇಕೆಂದಿದ್ದೇವೆ. ಬಾಗಿಲು, ಕಿಟಕಿಯ ಚೌಕಟ್ಟು, ಮಂಚ, ಊಟದ ಮೇಜು ನಮ್ಮ ಮುಖ್ಯ ಕೆಲಸ. ಪ್ಲೈವುಡ್ ಕಡಿಮೆ, ಸಾಗುವಾನಿ, ಹಲಸು, ಅಕೇಶಿಯಾ ಹೆಚ್ಚು. ಈಗ ಇರುವುದು ಸೈಟಿಗೆ ಹೊತ್ತೊಯ್ಯುವ ಹಗುರವಾದ ಹತ್ತು ಇಂಚಿನ ಯಂತ್ರ. ಎರಡು ಇಂಚು ದಪ್ಪದ ಸಾಗುವಾನಿಯನ್ನು ಉದ್ದಕ್ಕೆ ಸೀಳಲು ಕೊಟ್ಟರೆ ಅದರ ಮೋಟಾರು ಏದುಸಿರು ಬಿಡುತ್ತದೆ, ಹಲಗೆ ಒರಗಿ ಸಾಗುವ ಪಟ್ಟಿಯಾದ ಫೆನ್ಸನ್ನು ಪ್ರತಿಸಲವೂ ಎರಡೂ ತುದಿಯಲ್ಲಿ ಟೇಪು ಹಿಡಿದು ಅಳೆಯಬೇಕಾಗುತ್ತದೆ.

ಕೈಯಲ್ಲಿ ಎರಡೂವರೆ ಲಕ್ಷ ರೂಪಾಯಿಯ ಆಸುಪಾಸು ಇದೆ. ತೈವಾನಿನಲ್ಲಿ ತಯಾರಾಗಿ ಬರುವ ಮೂರು ಅಶ್ವಶಕ್ತಿಯ ಯಂತ್ರ, ನಮ್ಮ ದೇಶದಲ್ಲೇ ಮಾಡಿದ ಅದೇ ಅಳತೆಯ ಯಂತ್ರ, ಮುಚ್ಚಿಹೋದ ಒಂದು ವರ್ಕ್‌ಶಾಪಿನಲ್ಲಿ ಮಾರಾಟಕ್ಕಿರುವ ಹಳೆಯ ಭಾರೀ ಯಂತ್ರ, ಇವು ಮೂರೂ ಲೆಕ್ಕದಲ್ಲಿವೆ. ಮಾರುವವರನ್ನು ಕೇಳಿದರೆ ಅವರಲ್ಲಿರುವುದೆಲ್ಲ ಜರ್ಮನ್ ಮಟ್ಟದ್ದು. ನಮ್ಮ ಸೋದರಮಾವನನ್ನು ಕೇಳಿದರೆ ಇಪ್ಪತ್ತು ವರ್ಷದಿಂದೀಚೆಗೆ ಮಾಡಿದ ಯಾವ ಯಂತ್ರಕ್ಕೂ ಬಾಳಿಕೆಯಿಲ್ಲ. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು, ಅಂಗಡಿಯಲ್ಲಿ ಯಂತ್ರದ ಮುಂದೆ ನಿಂತಾಗ ಅದರ ಗುಣಮಟ್ಟವನ್ನು ನಾವೇ ಹೇಗೆ ಅಳೆಯಬಹುದು ಎಂಬುದನ್ನು ಬಲ್ಲವರು ತಿಳಿಸಬೇಕು.

ಉಳಿಬಾಚಿ:

ಗುಣಮಟ್ಟದ ಮಾತು ಆಮೇಲಾಯಿತು. ಶೆಡ್ಡಿಗೆ ಮೂರು ಫೇಸ್ ಬಂದಿದೆಯೋ ಇಲ್ಲವೋ ಎಂಬುದನ್ನು ಮೊದಲು ಹೇಳಿ.

ತುಂಗಾತೀರದ ಬಡಗಿ:

ಬಂದಿದೆ ಅಣ್ಣ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಲೈನು ಕಡಿದಾಗ ಒಂದು ಫೇಸ್ ಇಲ್ಲದೆ ಉಳಿದೆರಡು ಬರುತ್ತಿರುವುದು ನಮ್ಮ ಕಡೆ ಹೊಸದೇನಲ್ಲ.

ಉಳಿಬಾಚಿ:

ಹಾಗಿದ್ದರೆ ಮೂರು ಫೇಸಿನ ಮೋಟಾರನ್ನೇ ತೆಗೆದುಕೊಳ್ಳಿ. ಮೂರು ಅಶ್ವಶಕ್ತಿ ಎಂದರೆ ಸುಮಾರು 2.2 ಕಿಲೋವ್ಯಾಟ್. 415 ವೋಲ್ಟಿನ ಮೂರು ಫೇಸಿನಲ್ಲಿ ಅದು ಐದು ಆಂಪಿಯರಿನ ಸುತ್ತಮುತ್ತ ಎಳೆದರೆ, 230 ವೋಲ್ಟಿನ ಒಂದೇ ಫೇಸಿನಲ್ಲಿ ಹದಿಮೂರು ಹದಿನಾಲ್ಕು ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಬೇಡುತ್ತದೆ. ಕಂಬದಿಂದ ದೂರವಿರುವ ಶೆಡ್ಡಿನಲ್ಲಿ ವೋಲ್ಟೇಜ್ ಇಳಿದು ಮೋಟಾರು ಸುಟ್ಟರೆ ಅದನ್ನು ಯಂತ್ರದ ಕಳಪೆ ಗುಣಮಟ್ಟ ಎಂದು ಕರೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಹಾಕುವ ಸಿಂಗಲ್ ಫೇಸಿಂಗ್ ಪ್ರಿವೆಂಟರನ್ನು ಗರಗಸಕ್ಕೂ ಹಾಕಿಸಿ; ಒಂದು ಫೇಸ್ ತಪ್ಪಿದ ಕೂಡಲೇ ಅದು ಮೋಟಾರನ್ನು ನಿಲ್ಲಿಸುತ್ತದೆ. ಆದರೆ ಪಂಪಿನ ಆಟೋ ಸ್ಟಾರ್ಟರನ್ನು ಮಾತ್ರ ತಂದು ಹಾಕಬೇಡಿ. ಕರೆಂಟ್ ಬಂದ ತಕ್ಷಣ ತೋಟಕ್ಕೆ ನೀರು ಹರಿದರೆ ಒಳ್ಳೆಯದೇ, ಆದರೆ ನೀವು ಬ್ಲೇಡಿನ ಪಕ್ಕದ ಹೊಟ್ಟು ಗುಡಿಸುತ್ತಿರುವಾಗ ಗರಗಸ ತಾನೇ ತಿರುಗತೊಡಗಬಾರದು. ಹಸಿರು ಗುಂಡಿ ಒತ್ತದೆ ಮತ್ತೆ ಚಾಲೂ ಆಗದ ಸಾಮಾನ್ಯ ಡಿಓಎಲ್ ಸ್ಟಾರ್ಟರ್ ಸಾಕು.

ಸಾಗರದ ಕುಸುರಿ:

ಕ್ಯಾಬಿನೆಟ್ ಸಾ ಎಂಬ ಹೆಸರನ್ನು ಈಗ ತಗಡಿನ ಪೆಟ್ಟಿಗೆಯ ಮೇಲೆ ಕೂತ ಎಲ್ಲ ಯಂತ್ರಕ್ಕೂ ಅಂಟಿಸುತ್ತಿದ್ದಾರೆ. ಆದ್ದರಿಂದ ಹೆಸರು ನೋಡಬೇಡಿ, ಬಗ್ಗಿ ಒಳಗೆ ಟಾರ್ಚು ಬಿಟ್ಟು ನೋಡಿ. ಮೋಟಾರನ್ನೂ, ಬ್ಲೇಡು ಕೂರುವ ಆರ್ಬರ್ ಎಂಬ ದಂಡವನ್ನೂ ಹೊತ್ತು ಓರೆಯಾಗಿಸುವ ಟ್ರನಿಯನ್ ಎಂಬ ಭಾರೀ ತೊಟ್ಟಿಲು ಮೇಲಿನ ಮೇಜಿನ ಹಲಗೆಗೆ ನೇತುಬಿದ್ದಿದ್ದರೆ ಅದು ಕಾಂಟ್ರ್ಯಾಕ್ಟರ್ ಸಾ ಎಂಬ ಹಗುರ ಜಾತಿಯದ್ದು. ಕೆಳಗಿನ ಪೆಟ್ಟಿಗೆಗೆ ಬೋಲ್ಟ್ ಆಗಿದ್ದರೆ ಮಾತ್ರ ಅದು ನಿಜವಾದ ಕ್ಯಾಬಿನೆಟ್ ಸಾ.

ವ್ಯತ್ಯಾಸ ತಿಳಿಯುವುದು ಬ್ಲೇಡು ತಪ್ಪು ಕೋನಕ್ಕೆ ತಿರುಗಿದಾಗ. ಪೆಟ್ಟಿಗೆಗೆ ಕೂತ ಯಂತ್ರದಲ್ಲಿ ಮೇಜನ್ನು ಹಿಡಿದ ಬೋಲ್ಟುಗಳನ್ನು ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಮೈಟರ್ ಗಾಡಿಯನ್ನು (ಮೇಜಿನ ಮೇಲೆ ಬ್ಲೇಡಿನ ಪಕ್ಕದಲ್ಲಿರುವ ಉದ್ದನೆಯ ತೋಡನ್ನು) ಬ್ಲೇಡಿಗೆ ಸಮಾನಾಂತರವಾಗಿ ತಂದು ಬಿಗಿದರೆ ಕೆಲಸ ಮುಗಿಯಿತು. ಮೇಜಿಗೆ ನೇತುಬಿದ್ದದ್ದರಲ್ಲಿ ಕೆಳಗೆ ತೂರಿಕೊಂಡು ಹಿಂದಿನದನ್ನು ಸರಿಮಾಡಿದರೆ ಮುಂದಿನದು ಜಾರುತ್ತದೆ, ಹೇಗೋ ಕೂರಿಸಿದರೂ 45 ಡಿಗ್ರಿಗೆ ಓರೆಮಾಡಿದಾಗ ಮತ್ತೆ ತಪ್ಪುತ್ತದೆ. ತೂಕವೂ ಒಂದು ಸೂಚನೆ. ಒಳ್ಳೆಯ ಹತ್ತು ಇಂಚಿನ ಕ್ಯಾಬಿನೆಟ್ ಸಾ 180 ಕೆ.ಜಿ.ಯಿಂದ ಮೇಲಕ್ಕೇ ತೂಗುತ್ತದೆ.

ಹೊಸನಗರ ಪ್ಲೈ:

ಇಷ್ಟೆಲ್ಲ ಯಾಕೆ ಮಾರಾಯ್ರೇ? ನಮ್ಮ ಕಡೆ ಅರ್ಧ ಮನೆಗಳ ಅಡುಗೆಮನೆಯ ಕಪಾಟುಗಳು ಪ್ಲೈವುಡ್ ಹಲಗೆಯ ಅಡಿಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವನ್ನು ತಲೆಕೆಳಗಾಗಿ ಬಿಗಿದು ಕೊಯ್ದು ಮಾಡಿದವು. ದುಡ್ಡು ಹೆಚ್ಚಾಗಿದ್ದರೆ ಸ್ಲೈಡಿಂಗ್ ಪ್ಯಾನಲ್ ಸಾ ತೆಗೆದುಕೊಳ್ಳಿ. ಕ್ಯಾಬಿನೆಟ್ ಸಾ ಎಂಬುದು ಅಮೆರಿಕದವರ ವಿಡಿಯೋ ನೋಡಿ ಬಂದ ಶೋಕಿ.

ಸಾಗರದ ಕುಸುರಿ:

ಆ ತಲೆಕೆಳಗಿನ ಗರಗಸದಲ್ಲಿ ಬೆರಳು ಕಳೆದುಕೊಂಡವರು ನಮ್ಮೂರಲ್ಲಿದ್ದಾರೆ. ಅದಕ್ಕೆ ಬ್ಲೇಡಿನ ಹಿಂದೆ ನಿಂತು ಸೀಳು ಮುಚ್ಚದಂತೆ ಕಾಯುವ ರೈವಿಂಗ್ ನೈಫೂ ಇಲ್ಲ, ಗಾರ್ಡೂ ಇಲ್ಲ, ಸ್ವಿಚ್ಚು ಟೇಪು ಸುತ್ತಿ ಸದಾ ಒತ್ತಿಟ್ಟ ಸ್ಥಿತಿಯಲ್ಲಿರುತ್ತದೆ. ಸಾಗುವಾನಿಯ ಚೌಕಟ್ಟು ಮಾಡುವವರಿಗೆ ಅದನ್ನು ಶಿಫಾರಸು ಮಾಡುವುದು ಸರಿಯಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು:

ಪ್ಯಾನಲ್ ಸಾ ಕುರಿತ ಮಾತನ್ನು ಅಷ್ಟು ಬೇಗ ತಳ್ಳಿಹಾಕುವಂತಿಲ್ಲ. ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ರೂಪಿಸಿದ ಜಾರುಮೇಜಿನ ಗರಗಸದಿಂದಲೇ ಇಂದಿನ ಪ್ಯಾನಲ್ ಸಾಗಳೆಲ್ಲ ಬೆಳೆದಿವೆ, ಮತ್ತು ಯುರೋಪಿನ ಬಡಗಿಗಳು ಗಟ್ಟಿ ಮರಕ್ಕೂ ಅದನ್ನೇ ಬಳಸುತ್ತಾರೆ. ಅದರಲ್ಲಿ ಮುಖ್ಯ ಬ್ಲೇಡಿನ ಮುಂದೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಸಣ್ಣ ಸ್ಕೋರಿಂಗ್ ಬ್ಲೇಡು ಲ್ಯಾಮಿನೇಟಿನ ಅಡಿಭಾಗ ಚಕ್ಕೆ ಏಳದಂತೆ ಕಾಯುತ್ತದೆ. ಆದರೆ ಎಂಟಡಿ ಗಾಡಿಗೂ ಅದರ ಎದುರಿನ ಹಲಗೆಗೂ ಜಾಗ ಬೇಕು, ಬೆಲೆಯೂ ಬೇರೆ. ಉದ್ದಕ್ಕೆ ಸೀಳುವುದೇ ಹೆಚ್ಚಾಗಿರುವ, ಚಿಕ್ಕ ಶೆಡ್ಡಿನ ಬಡಗಿಗೆ ಕ್ಯಾಬಿನೆಟ್ ಸಾ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಳೇ ಕಬ್ಬಿಣ:

ಹಳೆಯ ಯಂತ್ರವನ್ನೇ ಕೊಳ್ಳಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ಇವತ್ತಿಗೂ ಎಷ್ಟೋ ವರ್ಕ್‌ಶಾಪುಗಳಲ್ಲಿ ದಾರದಷ್ಟೂ ತಪ್ಪದೆ ತಿರುಗುತ್ತಿವೆ, ಎಚ್‌ಎಂಟಿ ಯಂತ್ರಗಳ ಮಾತೂ ಅದೇ. ಆಗಿನವರು ಕಬ್ಬಿಣ ಸುರಿದು ಮಾಡುತ್ತಿದ್ದರು, ಈಗಿನವರು ಬಣ್ಣ ಸುರಿದು ಮಾಡುತ್ತಾರೆ.

ಪಾಲಿಟೆಕ್ನಿಕ್ ಮೇಷ್ಟ್ರು:

ಕೆಟ್ಟದಾಗಿ ಮಾಡಿದ ಹಳೆಯ ಯಂತ್ರಗಳೆಲ್ಲ ಎಂದೋ ಗುಜರಿಗೆ ಹೋಗಿ ಕರಗಿವೆ, ಉಳಿದಿರುವುದು ಒಳ್ಳೆಯವು ಮಾತ್ರ. ಅವನ್ನು ಇಂದಿನ ಒಳ್ಳೆಯದು ಕೆಟ್ಟದ್ದು ಎಲ್ಲದರ ಪಕ್ಕದಲ್ಲಿಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ.

ಹಳೇ ಕಬ್ಬಿಣ:

ಮೇಷ್ಟ್ರೇ, ಲೆಕ್ಕ ಸರಿಯಿರಬಹುದು, ಆದರೆ ಉಳಿದಿರುವ ಆ ಒಳ್ಳೆಯದೇ ತಾನೇ ಇವರ ಮುಂದೆ ಮಾರಾಟಕ್ಕಿರುವುದು? ಬದುಕುಳಿದದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿದೆ?

ಭದ್ರಾವತಿ ಎರಕ:

ಇಬ್ಬರೂ ಸ್ವಲ್ಪ ನಿಲ್ಲಿ. ನಾನು ಫೌಂಡ್ರಿಯಲ್ಲಿ ಕೆಲಸ ಮಾಡುವವನು, ಆದ್ದರಿಂದ ಮೇಜಿನ ಹಲಗೆಯ ಬಗ್ಗೆ ಮಾತ್ರ ಹೇಳುತ್ತೇನೆ.

ಟೇಬಲ್ ಸಾದ ಮೇಜು ಗ್ರೇ ಕಾಸ್ಟ್ ಐರನ್ನಿನದು. ಐಎಸ್ 210 ಮಾನದಂಡದಲ್ಲಿ ಎಫ್‌ಜಿ 200, ಎಫ್‌ಜಿ 260 ಎಂದು ಅದರ ದರ್ಜೆಗಳನ್ನು ಗುರುತಿಸುತ್ತಾರೆ. ಆ ಅಂಕಿ ಅದರ ಎಳೆತದ ಬಲ. ಅದರೊಳಗೆ ಎಸಳುಗಳಂತೆ ಹರಡಿದ ಗ್ರಾಫೈಟ್ ಕಂಪನವನ್ನು ನುಂಗುವುದರಿಂದಲೇ ಕಬ್ಬಿಣದ ಮೇಜಿನ ಮೇಲೆ ಕೊಯ್ತ ನುಣುಪಾಗಿ ಬರುವುದು. ಆದರೆ ಅಚ್ಚಿನಲ್ಲಿ ಸುರಿದ ಲೋಹ ತೆಳು ಭಾಗದಲ್ಲಿ ಬೇಗ ಆರುತ್ತದೆ, ದಪ್ಪ ಭಾಗದಲ್ಲಿ ನಿಧಾನವಾಗಿ ಆರುತ್ತದೆ. ಹೀಗೆ ಹೆಚ್ಚುಕಡಿಮೆಯಾಗಿ ಆರಿದ್ದರಿಂದ ಎರಕದೊಳಗೆ ಬಿಗಿತ ಉಳಿದುಕೊಂಡಿರುತ್ತದೆ. ಮೇಲ್ಮೈಯನ್ನು ಮೆಷಿನ್ ಮಾಡಿ ಒಂದು ಪದರ ತೆಗೆದಾಗ ಆ ಬಿಗಿತದ ಸಮತೋಲ ತಪ್ಪಿ, ಕಾರ್ಖಾನೆಯಲ್ಲಿ ಮಟ್ಟಸವಾಗಿದ್ದ ಹಲಗೆ ನಿಮ್ಮ ಶೆಡ್ಡಿಗೆ ಬಂದ ಮೇಲೆ ನಿಧಾನವಾಗಿ ಸೊಟ್ಟಗಾಗುತ್ತದೆ.

ಹಿಂದಿನವರು ಎರಕಗಳನ್ನು ಮಳೆ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟು ಹದಗೊಳಿಸುತ್ತಿದ್ದರು. ಈಗ ಅದೇ ಕೆಲಸವನ್ನು ಕುಲುಮೆಯಲ್ಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಕೆಲವು ಗಂಟೆ ಹಿಡಿದು, ನಿಧಾನವಾಗಿ ಆರಿಸಿ ಮಾಡಬಹುದು, ಮತ್ತು ಸರಿಯಾಗಿ ಮಾಡಿದರೆ ಇದು ಹಳೆಯ ಕ್ರಮಕ್ಕಿಂತ ನಂಬಿಕೆಯದ್ದು. ಒರಟು ಮೆಷಿನಿಂಗ್, ಆಮೇಲೆ ಕುಲುಮೆ, ಆಮೇಲೆ ಅಂತಿಮ ಗ್ರೈಂಡಿಂಗ್ ಎಂಬುದು ಸರಿಯಾದ ಸರಣಿ. ಬೆಲೆ ಇಳಿಸಬೇಕೆಂದು ಗಿರಾಕಿ ಪಟ್ಟು ಹಿಡಿದಾಗ ಮೊದಲು ಕೈಬಿಡುವುದು ನಡುವಿನ ಕುಲುಮೆಯನ್ನು, ಯಾಕೆಂದರೆ ಅದನ್ನು ಬಿಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೌಶಲ ನಶಿಸಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಫೌಂಡ್ರಿ ಬೆಳಿಗ್ಗೆ ಕಟ್ಟುನಿಟ್ಟಾದ ಗಿರಾಕಿಗೆ ಒಂದು ಗುಣಮಟ್ಟದ ಎರಕ ಕೊಟ್ಟು, ಮಧ್ಯಾಹ್ನ ಅಗ್ಗದ ಗಿರಾಕಿಗೆ ಇನ್ನೊಂದು ಗುಣಮಟ್ಟದ್ದನ್ನು ಕೊಡಬಲ್ಲದು. ದುಡ್ಡು ಹೋಗುವುದು ತಪಾಸಣೆಗೆ, ಮತ್ತು ತಪ್ಪಿದ್ದನ್ನು ಮರಳಿ ಕರಗಿಸುವ ಧೈರ್ಯಕ್ಕೆ.

ಒಂದು ಅಡ್ಡಮಾತು. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದಾಗ ಅದಿರು ಕರಗಿಸಲು ಬಳಸಿದ್ದು ಮಲೆನಾಡಿನ ಮರದ ಇದ್ದಿಲನ್ನು. ಮರ ಕೊಯ್ಯುವ ಯಂತ್ರದ ಕಬ್ಬಿಣದ ಬಗ್ಗೆ ಈ ಊರಿನವರು ಇಷ್ಟು ಜಗಳವಾಡುವುದರಲ್ಲಿ ಆಶ್ಚರ್ಯವೇನಿಲ್ಲ.

ಹಳೇ ಕಬ್ಬಿಣ:

ಅಂದರೆ ಹಳೆಯ ಹಲಗೆ ಆಗಲೇ ಸೊಟ್ಟಗಾಗಬೇಕಾದಷ್ಟು ಆಗಿ ಮುಗಿದಿರುತ್ತದೆ ಎಂದಾಯಿತಲ್ಲ!

ಭದ್ರಾವತಿ ಎರಕ:

ಅದು ನಿಜ. ಆದ್ದರಿಂದಲೇ ಹಳೆಯದನ್ನು ಅಳೆದರೆ ಸಿಗುವ ಅಂಕಿ ಮುಂದೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಷ್ಟನ್ನು ಒಪ್ಪುತ್ತೇನೆ.

ಕೊಪ್ಪದವನು, ಈಗ ಸಿಯಾಟಲ್:

ಇಲ್ಲಿನ ಬಡಗಿಗಳಲ್ಲೂ ಇದೇ ಜಗಳವಿದೆ. ಹತ್ತು ಇಂಚಿನ, ಬ್ಲೇಡೇ ಓರೆಯಾಗುವ ಕ್ಯಾಬಿನೆಟ್ ಸಾಗಳಿಗೆ ಮಾದರಿಯಾದ, ಇಲ್ಲಿನ ಡೆಲ್ಟಾ ಕಂಪನಿಯ ಯೂನಿಸಾ 1939ರಲ್ಲಿ ಬಂದದ್ದು. ಡೆಲ್ಟಾ ಎಂಬ ಹೆಸರನ್ನೇ 2011ರಲ್ಲಿ ತೈವಾನಿನ ಚಾಂಗ್ ಟೈಪ್ ಕಂಪನಿ ಕೊಂಡಿತು. ಬೆರಳು ತಾಗಿದರೆ ಬ್ಲೇಡು ನಿಲ್ಲಿಸುವ ಸಾಸ್ಟಾಪ್ ಅಮೆರಿಕದ ಕಂಪನಿಯಾದರೂ ಅದರ ಯಂತ್ರಗಳು ತಯಾರಾಗುವುದು ತೈವಾನಿನಲ್ಲಿ, ಮತ್ತು 2017ರಿಂದ ಅದರ ಒಡೆತನ ಫೆಸ್ಟೂಲ್ ಎಂಬ ಉಪಕರಣ ಕಂಪನಿಯ ಒಡೆಯರಾದ ಜರ್ಮನ್ ಸಮೂಹದ್ದು. ಹೀಗಿರುವಾಗ ಅಮೆರಿಕನ್, ಜರ್ಮನ್, ತೈವಾನ್ ಎಂಬ ವಿಶೇಷಣಗಳಿಂದ ಗುಣಮಟ್ಟ ಅಳೆಯುವುದು ಹೇಗೆ? ತೈವಾನಿನ ತೈಚುಂಗ್ ಸುತ್ತಲಿನ ಕಾರ್ಖಾನೆಗಳು ದಶಕಗಳಿಂದ ಈ ಕೆಲಸದಲ್ಲೇ ಪಳಗಿವೆ. ನಮ್ಮಲ್ಲಿ ಮಾತ್ರ ಇನ್ನೂ ಹಿತ್ತಲ ಗಿಡ ಮದ್ದಲ್ಲ ಎಂಬ ಮನೋಭಾವ ಹೋಗಿಲ್ಲ.

ನನ್ನದೊಂದು ಪ್ರಶ್ನೆಯೂ ಇದೆ. ಊರಿಗೆ ಮರಳುವಾಗ ನನ್ನ ಒಂದೇ ಫೇಸಿನ ಕ್ಯಾಬಿನೆಟ್ ಸಾವನ್ನು ಕಂಟೇನರಿನಲ್ಲಿ ತಂದರೆ ಅಲ್ಲಿ ಓಡುತ್ತದೆಯೇ? ವೋಲ್ಟೇಜ್ 230 ಎಂದೇ ಬರೆದಿದೆ.

ಉಳಿಬಾಚಿ:

ವೋಲ್ಟೇಜ್ ಹೊಂದಿದರೂ ಆವರ್ತನ ಹೊಂದುವುದಿಲ್ಲ ತಮ್ಮಾ. ಅಲ್ಲಿ 60 ಹರ್ಟ್ಜ್, ಇಲ್ಲಿ 50. ಮೋಟಾರಿನ ವೇಗ ಆರರಲ್ಲಿ ಒಂದು ಪಾಲು ಇಳಿಯುತ್ತದೆ, ಅಂದರೆ ನಿಮಿಷಕ್ಕೆ 3450 ಸುತ್ತುವುದು 2880ರ ಹತ್ತಿರ ಬಂದು ನಿಲ್ಲುತ್ತದೆ. ಪುಲ್ಲಿ ಬದಲಿಸಿ ಬ್ಲೇಡಿನ ವೇಗವನ್ನು ಸರಿಮಾಡಬಹುದು, ಆದರೆ 60 ಹರ್ಟ್ಜಿಗಾಗಿ ಸುತ್ತಿದ ಮೋಟಾರು ಅದೇ ವೋಲ್ಟೇಜಿನಲ್ಲಿ 50 ಹರ್ಟ್ಜ್ ಕಂಡರೆ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಯಂತ್ರವನ್ನು ತನ್ನಿ, ಮೋಟಾರನ್ನು ಇಲ್ಲಿ ಬದಲಿಸಿ. ಶಾಫ್ಟಿನ ಅಳತೆ, ಮೋಟಾರು ಕೂರುವ ತಟ್ಟೆಯ ತೂತುಗಳ ಅಳತೆ ಎರಡನ್ನೂ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ಪಾಲಿಟೆಕ್ನಿಕ್ ಮೇಷ್ಟ್ರು:

ಈಗ ಮೂಲ ಪ್ರಶ್ನೆಗೆ ಬರೋಣ. ಅಂಗಡಿಗೆ ಹೋಗುವಾಗ ಒಂದು ಉದ್ದದ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ), ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು), ಅಯಸ್ಕಾಂತದ ಬುಡವಿರುವ ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವುದು) ಒಯ್ಯಿರಿ. ಕೊಳ್ಳಬೇಕೆಂದಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವವರ ಬಳಿ ಸಿಲಿಂಡರ್ ಹೆಡ್ಡಿನ ಮಟ್ಟ ನೋಡಲು ಇವೇ ಸಾಧನಗಳಿರುತ್ತವೆ. ಪರಿಚಯದವರಿದ್ದರೆ ಒಂದು ದಿನಕ್ಕೆ ಕೊಡುತ್ತಾರೆ.

ಮೊದಲು ಮೇಜಿನ ಮಟ್ಟ. ಸ್ಟ್ರೇಟ್ ಎಡ್ಜನ್ನು ಎರಡು ಕರ್ಣಗಳಲ್ಲೂ, ಬ್ಲೇಡಿನ ಎರಡೂ ಪಕ್ಕದಲ್ಲೂ ಇಟ್ಟು, ಅಡಿಯಲ್ಲಿ ಎಷ್ಟು ದಪ್ಪದ ಫೀಲರ್ ಎಲೆ ತೂರುತ್ತದೆ ನೋಡಿ. ದೂರದ ಮೂಲೆಯಲ್ಲಿ ಕಾಲು ಮಿಲಿಮೀಟರ್ ವ್ಯತ್ಯಾಸವಿದ್ದರೂ ಬಾಗಿಲು ಮಾಡುವವನಿಗೆ ತೊಂದರೆಯಿಲ್ಲ. ಬ್ಲೇಡಿನ ಸುತ್ತಮುತ್ತ, ಬ್ಲೇಡಿನ ಸುತ್ತ ಕೂರಿಸುವ ಇನ್‌ಸರ್ಟ್ ತಟ್ಟೆಯ ಅಂಚಿನಲ್ಲಿ ತಗ್ಗು ದಿಬ್ಬ ಇರಬಾರದು. ಮೇಜಿನ ಅಕ್ಕಪಕ್ಕ ಜೋಡಿಸಿದ ರೆಕ್ಕೆಗಳು ಮೇಲೆ ಕೆಳಗೆ ಆಗಿದ್ದರೆ ಗಾಬರಿ ಬೇಡ, ಸಂದಿನಲ್ಲಿ ತೆಳು ತಗಡು ಕೊಟ್ಟು ಸರಿಮಾಡಬಹುದು. ಮುಖ್ಯ ಹಲಗೆಯೇ ತಿರುಚಿದ್ದರೆ ಯಾವ ತಗಡೂ ಕೆಲಸಕ್ಕೆ ಬಾರದು.

ಎರಡನೆಯದು, ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು, ಆರ್ಬರಿನ ಓಲಾಟ. ವಿದ್ಯುತ್ ತಪ್ಪಿಸಿ, ಬ್ಲೇಡು ಬಿಚ್ಚಿ, ಬ್ಲೇಡು ಒರಗುವ ಫ್ಲಾಂಜಿನ ಅಂಚಿಗೆ ಡಯಲ್ ಗೇಜ್ ತಾಗಿಸಿ ಬೆಲ್ಟನ್ನು ಕೈಯಿಂದ ತಿರುಗಿಸಿ. ಅಲ್ಲಿ 0.02 ಮಿ.ಮೀ. ಕಂಡರೆ ಒಳ್ಳೆಯದು. ಫ್ಲಾಂಜಿನ ತ್ರಿಜ್ಯ ಸುಮಾರು 30 ಮಿ.ಮೀ., ಬ್ಲೇಡಿನ ಹಲ್ಲು ಕೇಂದ್ರದಿಂದ ಸುಮಾರು 125 ಮಿ.ಮೀ. ದೂರದಲ್ಲಿರುವುದರಿಂದ ಫ್ಲಾಂಜಿನ ತಪ್ಪು ಹಲ್ಲಿನಲ್ಲಿ ನಾಲ್ಕು ಪಟ್ಟಾಗಿ ಕಾಣುತ್ತದೆ. ಈ ದೋಷವನ್ನು ಹೊಂದಿಸಿ ಸರಿಮಾಡುವ ಬೋಲ್ಟು ಯಂತ್ರದಲ್ಲಿ ಎಲ್ಲೂ ಇರುವುದಿಲ್ಲ, ತಯಾರಕರ ಲೇಥು ಗ್ರೈಂಡರುಗಳ ಮೇಲೆ ಮಾತ್ರ ಅದು ನಿಂತಿದೆ. ಆಮೇಲೆ ಬ್ಲೇಡು ಹಾಕಿ, ಒಂದೇ ಹಲ್ಲಿಗೆ ಗುರುತು ಮಾಡಿ, ಆ ಹಲ್ಲನ್ನು ಮುಂದಕ್ಕೂ ಹಿಂದಕ್ಕೂ ತಂದು ಮೈಟರ್ ಗಾಡಿಯಿಂದ ಅಳೆಯಿರಿ. ಎರಡು ತುದಿಗಳ ವ್ಯತ್ಯಾಸ 0.1 ಮಿ.ಮೀ. ಒಳಗೆ ಬರಬೇಕು. ಬರದಿದ್ದರೂ ಯಂತ್ರ ಕೆಟ್ಟದ್ದೆಂದು ತೀರ್ಮಾನಿಸಬೇಡಿ, ಇದನ್ನು ಮೇಜು ಸರಿಸಿ ಸರಿಪಡಿಸುವ ಕ್ರಮವನ್ನು ಕುಸುರಿಯವರು ಆಗಲೇ ಹೇಳಿದ್ದಾರೆ.

ಫೆನ್ಸನ್ನು ಬಿಗಿದು, ಹಿಂದಿನ ತುದಿಯನ್ನು ಕೈಯಿಂದ ಪಕ್ಕಕ್ಕೆ ತಳ್ಳಿ ನೋಡಿ. ಬೀಸ್‌ಮಯರ್ ಮಾದರಿಯ ಟಿ ಆಕಾರದ ಫೆನ್ಸಾದರೆ ಮುಂದಿನ ಕಂಬಿಗೆ ಮಾತ್ರ ಕಚ್ಚಿದ್ದರೂ ಅಲುಗಬಾರದು.

ಹೊಸನಗರ ಪ್ಲೈ:

ಮೇಷ್ಟ್ರೇ, ಮರ ಒಂದು ಮಳೆಗಾಲಕ್ಕೆ ಎರಡು ಮಿಲಿಮೀಟರ್ ಉಬ್ಬುವ ಊರಿನಲ್ಲಿ 0.02ರ ಲೆಕ್ಕ ಮಾಡುತ್ತಿದ್ದೀರಲ್ಲ!

ಪಾಲಿಟೆಕ್ನಿಕ್ ಮೇಷ್ಟ್ರು:

ಮರ ಉಬ್ಬುವುದು ಕೊಯ್ದ ಮೇಲೆ. ಓಲಾಡುವ ಬ್ಲೇಡು ಕೊಯ್ಯುವಾಗಲೇ ಮರವನ್ನು ಸುಟ್ಟು, ಕೊಯ್ತದ ಮೈಯಲ್ಲಿ ಬಿಲ್ಲಿನಂಥ ಗೀರು ಬಿಡುತ್ತದೆ. ಅದನ್ನು ಅಳಿಸಲು ಪ್ಲೇನರಿಗೆ ಮತ್ತೆ ಕೊಡಬೇಕು. ನಾನು ಅಳೆಯುತ್ತಿರುವುದು ನಿಮ್ಮ ಮರುಕೆಲಸವನ್ನು.

ಸಾಗರದ ಕುಸುರಿ:

ಅಕೇಶಿಯಾ ಕೊಯ್ಯುವವರು ರೈವಿಂಗ್ ನೈಫ್ ಇಲ್ಲದ ಯಂತ್ರವನ್ನು ಮುಟ್ಟಲೇಬಾರದು. ತೋಪಿನಲ್ಲಿ ಬೇಗ ಬೆಳೆದ ಅಕೇಶಿಯಾ, ನೀಲಗಿರಿ ಮರಗಳ ಒಳಗೆ ಬೆಳೆಯುವಾಗಿನ ಬಿಗಿತ ಹಾಗೆಯೇ ಇರುತ್ತದೆ. ಅರ್ಧ ಸೀಳುವಷ್ಟರಲ್ಲಿ ಸೀಳು ಮುಚ್ಚಿಕೊಂಡು ಬ್ಲೇಡಿನ ಹಿಂಬದಿಯನ್ನು ಹಿಡಿಯುತ್ತದೆ. ಹಿಂಬದಿಯ ಹಲ್ಲುಗಳು ಮೇಲಕ್ಕೆದ್ದು ಬರುವುದರಿಂದ ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೇ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತಿದರೆ ಹಲ್ಲಿನ ವೇಗ ಸೆಕೆಂಡಿಗೆ 53 ಮೀಟರ್. ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ರೈವಿಂಗ್ ನೈಫ್ ಬ್ಲೇಡಿನೊಂದಿಗೇ ಏರಿಳಿದು, ಅದರ ಬೆನ್ನಿಗೇ ಅಂಟಿಕೊಂಡಂತೆ ಇರಬೇಕು. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. 3.2 ಮಿ.ಮೀ. ಬ್ಲೇಡಿಗೆಂದು ಕೊಟ್ಟ ನೈಫಿಗೆ 2.4 ಮಿ.ಮೀ.ಯ ತೆಳು ಬ್ಲೇಡು ಹಾಕಿದರೆ ಹಲಗೆ ನಡುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಇದು ಇರುವುದೇ ಅಪರೂಪ, ಕಬ್ಬಿಣದವರು ಈ ಮಾತನ್ನು ಎತ್ತಲೇ ಇಲ್ಲ.

ಹಳೇ ಕಬ್ಬಿಣ:

ವೆಲ್ಡಿಂಗ್ ಮಾಡುವವರಿಂದ ಒಂದು ಮಾಡಿಸಬಹುದು.

ಸಾಗರದ ಕುಸುರಿ:

ಬ್ಲೇಡು ಏರಿಸಿದಾಗಲೂ ಓರೆಮಾಡಿದಾಗಲೂ ಜೊತೆಗೇ ಚಲಿಸುವಂತೆ ಮಾಡಿಸಬಹುದೇ? ಹಾಗೆ ಮಾಡಿಸಿದ್ದನ್ನು ತೋರಿಸಿದರೆ ಒಪ್ಪುತ್ತೇನೆ.

ಕೊಪ್ಪದವನು, ಈಗ ಸಿಯಾಟಲ್:

ಸಾಸ್ಟಾಪ್ ತರಹದ್ದನ್ನು ಯಾರೂ ಯಾಕೆ ಸೂಚಿಸುತ್ತಿಲ್ಲ? ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ, ಚರ್ಮ ತಾಗಿ ಅದು ಬದಲಾದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ನುಗ್ಗಿ ಐದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ.

ಉಳಿಬಾಚಿ:

ಒಳ್ಳೆಯ ತಂತ್ರವೇ, ಸಂಶಯವಿಲ್ಲ. ಆದರೆ ಒಮ್ಮೆ ಸಿಡಿದರೆ ಆ ಅಲ್ಯೂಮಿನಿಯಂ ತುಂಡಿರುವ ಕಾರ್ಟ್ರಿಜ್ಜನ್ನೂ ಬ್ಲೇಡನ್ನೂ ಎರಡನ್ನೂ ಬದಲಿಸಬೇಕು, ಮತ್ತು ತೀರಾ ಹಸಿ ಮರವೂ ಅದನ್ನು ಸಿಡಿಸಬಲ್ಲದು. ಆಷಾಢದಲ್ಲಿ ಡಿಪೋದಿಂದ ನೆನೆದು ಬಂದ ಅಕೇಶಿಯಾ ಕೊಯ್ಯುವವರು ಆ ವ್ಯವಸ್ಥೆಯನ್ನು ಆಫ್ ಮಾಡಿಕೊಂಡೇ ಕೆಲಸ ಮಾಡುತ್ತಾರೆ, ಆಗ ಕೊಟ್ಟ ದುಡ್ಡು ದಂಡ. ಒಣಮರದ ಪೀಠೋಪಕರಣ ಮಾತ್ರ ಮಾಡುವವರಾದರೆ, ಮತ್ತು ಕಾರ್ಟ್ರಿಜ್ಜು ಕೈಗೆ ಸಿಗುವಂತಿದ್ದರೆ, ನನ್ನ ಮತ ಅದಕ್ಕೇ.

ಆಗುಂಬೆ ಘಾಟಿ:

ತುಕ್ಕಿನ ಮಾತನ್ನು ಯಾರೂ ಆಡಿಲ್ಲ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮ ಕಡೆ ಗ್ರೈಂಡ್ ಮಾಡಿದ ಮೇಜು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ, ಅದು ಯಾವ ದೇಶದ್ದಾದರೂ ಸರಿ. ಕಾರ್ಖಾನೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಪೇಸ್ಟ್ ವ್ಯಾಕ್ಸ್ ತೆಳುವಾಗಿ ಬಳಿದು ಉಜ್ಜಿ. ಸಿಲಿಕೋನ್ ಸ್ಪ್ರೇ ಬೇಡ, ಅದು ಮರಕ್ಕೆ ಹತ್ತಿದರೆ ಪಾಲಿಶ್ ಹಿಡಿಯುವುದಿಲ್ಲ. ಹಸಿ ಹಲಗೆಯನ್ನು ಮೇಜಿನ ಮೇಲೆ ರಾತ್ರಿ ಬಿಟ್ಟು ಹೋಗುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮೊದಲೆಲ್ಲ ಪೆಟ್ಟಿಗೆಯೊಳಗೆ ಒಂದು ಬಲ್ಬು ಉರಿಸಿ ಬೆಚ್ಚಗಿಡುತ್ತಿದ್ದೆವು, ಈಗಿನ ಎಲ್‌ಇಡಿಯಲ್ಲಿ ಆ ಸುಖವಿಲ್ಲ.

ಶರಾವತಿ:

ಅರಣ್ಯ ಇಲಾಖೆಯವರನ್ನೂ ಒಮ್ಮೆ ಕೇಳಿ. ದಿಮ್ಮಿ ಕೊಯ್ಯುವ ಗರಗಸಕ್ಕೂ ಕೊಯ್ದ ಹಲಗೆಯಲ್ಲಿ ಕೆಲಸ ಮಾಡುವ ಯಂತ್ರಕ್ಕೂ ನಿಯಮ ಒಂದೇ ಅಲ್ಲ, ಆದರೂ ಯಂತ್ರ ಇಳಿಯುವ ಮುಂಚೆ ವಲಯ ಕಚೇರಿಯಲ್ಲಿ ವಿಚಾರಿಸಿ, ಮರ ಕೊಂಡ ರಸೀದಿಗಳನ್ನು ಜೋಪಾನವಾಗಿಟ್ಟುಕೊಳ್ಳಿ.

ತುಂಗಾತೀರದ ಬಡಗಿ:

ಎಲ್ಲರ ಮಾತನ್ನೂ ಬರೆದುಕೊಂಡು, ಪರಿಚಯದ ಎಂಜಿನ್ ಮೆಕ್ಯಾನಿಕ್ಕನ್ನೇ ಗೇಜುಗಳ ಸಮೇತ ಕರೆದುಕೊಂಡು ಹೋಗಿದ್ದೆವು. ಕಂಡದ್ದು ಹೀಗಿದೆ.

ಹಳೆಯ ಯಂತ್ರದ ಮೇಜು ಅದ್ಭುತವಾಗಿತ್ತು, 0.10ರ ಎಲೆ ಎಲ್ಲೂ ತೂರಲಿಲ್ಲ. ಆದರೆ ಬ್ಲೇಡು ಓರೆಮಾಡುವ ಹಲ್ಲುಪಟ್ಟಿ ಒಂದೆಡೆ ಸವೆದಿತ್ತು, ರೈವಿಂಗ್ ನೈಫ್ ಇರಲಿಲ್ಲ, ಆ ಕಂಪನಿಯೇ ಈಗ ಇಲ್ಲ. ತೈವಾನಿನ ಯಂತ್ರದಲ್ಲಿ ಫ್ಲಾಂಜಿನ ಓಲಾಟ 0.02 ಒಳಗೇ ಇತ್ತು, ರೆಕ್ಕೆಯೊಂದು ತಗ್ಗಿದ್ದುದನ್ನು ಬಿಟ್ಟರೆ ತಪ್ಪು ಹುಡುಕಲು ಆಗಲಿಲ್ಲ. ಆದರೆ ತೆರಿಗೆ, ಸಾಗಣೆ ಸೇರಿ ನಮ್ಮ ಮಿತಿಯನ್ನು ಮೀರಿತು. ನಮ್ಮ ದೇಶದ ಯಂತ್ರದಲ್ಲಿ ಮೇಜು ಚೆನ್ನಾಗಿತ್ತು, ಆದರೆ ಫ್ಲಾಂಜಿನಲ್ಲಿ 0.06 ತೋರಿಸಿತು. ಗೇಜು ನೋಡಿದ ಅಂಗಡಿಯವರು ಸ್ವಲ್ಪ ಹೊತ್ತು ವಾದಿಸಿ, ಕೊನೆಗೆ ಅದೇ ಮಾದರಿಯ ಇನ್ನೊಂದನ್ನು ಪೆಟ್ಟಿಗೆ ಒಡೆದು ತೋರಿಸಿದರು. ಅದರಲ್ಲಿ 0.02! ಎರಡೂ ಒಂದೇ ಬಣ್ಣ, ಒಂದೇ ಬೆಲೆ. ಎರಡನೆಯದರ ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ ಮುಂಗಡ ಕೊಟ್ಟು ಬಂದಿದ್ದೇವೆ. ಅದರ ಫೆನ್ಸ್ ಮಾತ್ರ ಯಾವುದಕ್ಕೂ ಬೇಡ, ಅದನ್ನು ಬೇರೆ ತರಿಸುತ್ತೇವೆ.

ಭದ್ರಾವತಿ ಎರಕ:

ನಾನು ಹೇಳಿದ್ದು ಇದನ್ನೇ. ಸಾಮರ್ಥ್ಯವಿಲ್ಲದ ಕಾರ್ಖಾನೆಯಾಗಿದ್ದರೆ ಎರಡೂ 0.06 ತೋರಿಸುತ್ತಿದ್ದವು. ಮಾಡಲು ಬರುತ್ತದೆ, ಆದರೆ ಬಾಗಿಲಲ್ಲಿ ನಿಂತು ತಡೆಯುವವನಿಲ್ಲ. ದುಬಾರಿ ಯಂತ್ರದಲ್ಲಿ ಆ ತಡೆಯುವವನ ಸಂಬಳ ಬೆಲೆಯೊಳಗೇ ಸೇರಿರುತ್ತದೆ, ನಿಮ್ಮದರಲ್ಲಿ ಆ ಕೆಲಸವನ್ನು ನಿಮ್ಮ ಮೆಕ್ಯಾನಿಕ್ ಮಾಡಿದ.

ಹಳೇ ಕಬ್ಬಿಣ:

ಹಾಗಾದರೆ ಆ ಮೊದಲನೆಯ ಯಂತ್ರ ಯಾರ ಪಾಲಿಗೆ ಹೋಗುತ್ತದೆ? ಗೇಜು ಇಲ್ಲದೆ ಬರುವ ಮುಂದಿನ ಗಿರಾಕಿಗೆ. ಇದನ್ನು ಗುಣಮಟ್ಟ ಇಳಿದಿದೆ ಎನ್ನದೆ ಇನ್ನೇನೆನ್ನಬೇಕು?

ಪಾಲಿಟೆಕ್ನಿಕ್ ಮೇಷ್ಟ್ರು:

ಈ ಪ್ರಶ್ನೆಗೆ ನನ್ನಲ್ಲಿ ಪ್ರತಿವಾದವಿಲ್ಲ. ಅಂಗಡಿಯವರು ಅದನ್ನು ಕಾರ್ಖಾನೆಗೆ ಹಿಂದಿರುಗಿಸಬೇಕು, ಹಿಂದಿರುಗಿಸುತ್ತಾರೆಂಬ ನಂಬಿಕೆ ನನಗೂ ಕಡಿಮೆ.

ತುಂಗಾತೀರದ ಬಡಗಿ:

ಇಳಿಸಿಕೊಳ್ಳುವುದು, ಮೊದಲ ಸಲ ಚಾಲೂ ಮಾಡುವುದು, ಬ್ಲೇಡು, ಈ ಮೂರರ ಬಗ್ಗೆಯೂ ಒಂದೆರಡು ಮಾತು ಹೇಳಿ.

ಉಳಿಬಾಚಿ:

ಕೆಳಗಿನ ಮರದ ಚೌಕಟ್ಟು ಬಿಚ್ಚದೆ ಲಾರಿಯಿಂದ ಇಳಿಸಿ, ಮೇಜಿನ ರೆಕ್ಕೆ ಹಿಡಿದು ಎತ್ತಬೇಡಿ. ವಯರ್‌ಮನ್ ಸಂಪರ್ಕ ಕೊಟ್ಟ ಮೇಲೆ ಮೊದಲ ಸಲ ಬ್ಲೇಡಿಲ್ಲದೆಯೇ ಓಡಿಸಿ. ಮೂರು ಫೇಸಿನಲ್ಲಿ ಎರಡು ತಂತಿ ಅದಲುಬದಲಾದರೆ ಆರ್ಬರ್ ಹಿಂದುಮುಂದಾಗಿ ತಿರುಗುತ್ತದೆ, ಆಗ ಬ್ಲೇಡಿನ ನಟ್ಟು ಬಿಗಿಯಾಗುವ ಬದಲು ಸಡಿಲವಾಗುತ್ತದೆ. ಮೇಲಿನ ಹಲ್ಲುಗಳು ನಿಮ್ಮ ಕಡೆಗೆ ತಿರುಗಬೇಕು.

ಸಾಗರದ ಕುಸುರಿ:

ಉದ್ದಕ್ಕೆ ಸೀಳಲು 24 ಹಲ್ಲಿನದು, ಅಡ್ಡಕ್ಕೆ ಕೊಯ್ಯಲು 60 ಹಲ್ಲಿನದು ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಬೇಕೆಂದರೆ 40. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಬರೀ ಉಕ್ಕಿನ ಹಲ್ಲು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ತುದಿಯದ್ದನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಆರ್ಬರಿನ ವ್ಯಾಸ ಅಳೆದುಕೊಂಡು ಹೋಗಿ, ನಮ್ಮ ಅಂಗಡಿಗಳಲ್ಲಿ 25.4 ಮತ್ತು 30 ಮಿ.ಮೀ. ತೂತಿನವು ಎರಡೂ ಒಂದೇ ರ‍್ಯಾಕಿನಲ್ಲಿ ಇರುತ್ತವೆ.